ಆಪಿಯಾ ಬಂದರಿನಿಂದ ಹೊರಬಿದ್ದ ಒಂದೇ ಹಡಗು: ‘ಕಲಾಯಪಿ’ಯನ್ನು ಉಳಿಸಿದ್ದು ಕಲ್ಲಿದ್ದಲೇ?

ಪ್ರಶ್ನೆ: 1889ರಲ್ಲಿ ಪೆಸಿಫಿಕ್ ಸಾಗರದ ದ್ವೀಪನಾಡು ಸಮೋವಾದ ಆಪಿಯಾ ಬಂದರಿನಲ್ಲಿ ಚಂಡಮಾರುತಕ್ಕೆ ಸಿಕ್ಕ ಏಳು ಯುದ್ಧನೌಕೆಗಳಲ್ಲಿ ಆರು ನಾಶವಾದವು, ಬ್ರಿಟನ್ನಿನ ‘ಕಲಾಯಪಿ’ ಮಾತ್ರ ಪಾರಾಯಿತು ಎಂದು ಓದಿದ್ದೇನೆ. ಒಬ್ಬರು ನ್ಯೂಜಿಲೆಂಡಿನ ಕಲ್ಲಿದ್ದಲು ಅದನ್ನು ಉಳಿಸಿತು ಎನ್ನುತ್ತಾರೆ, ಇನ್ನೊಬ್ಬರು ಕ್ಯಾಪ್ಟನ್ನನ ಧೈರ್ಯ ಎನ್ನುತ್ತಾರೆ. ಚಿತ್ರದಲ್ಲಿ ನೋಡಿದರೆ ಮೂರು ಕಂಬದ ಹಾಯಿಹಡಗು. ಆದರೂ ಹೆಸರು ಕ್ರೂಸರ್. ಇದರಲ್ಲಿ ನಿಜ ಎಷ್ಟು? ಆ ಹಡಗು ಈಗ ಎಲ್ಲಿದೆ?

ಉತ್ತರ: ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಆರು ಹಡಗುಗಳೂ ದಡಕ್ಕೋ ಬಂಡೆಗೋ ಬಡಿದದ್ದು ನಿಜ. ಆದರೆ ಆರೂ ನಾಶವಾಗಲಿಲ್ಲ. ಜರ್ಮನಿಯ ‘ಓಲ್ಗಾ’ ಮತ್ತು ಅಮೆರಿಕದ ‘ನಿಪ್ಸಿಕ್’ ಮರಳಿನ ಮೇಲೆ ಕೂತವು, ಆಮೇಲೆ ಅವನ್ನು ಎಳೆದು ತೇಲಿಸಿ ರಿಪೇರಿ ಮಾಡಿದರು. ಪೂರ್ತಿ ಹೋದದ್ದು ನಾಲ್ಕು: ಅಮೆರಿಕದ ‘ಟ್ರೆಂಟನ್’ ಮತ್ತು ‘ವ್ಯಾಂಡೇಲಿಯಾ’, ಜರ್ಮನಿಯ ‘ಆಡ್ಲರ್’ ಮತ್ತು ‘ಏಬರ್’. ಸತ್ತವರು ನೂರ ನಲವತ್ತಕ್ಕೂ ಹೆಚ್ಚು. ಬಂದರಿನ ಬಾಯಿ ದಾಟಿ ತೆರೆದ ಕಡಲಿಗೆ ಹೋಗಿ ಬದುಕಿದ್ದು ಮಾತ್ರ ಕಲಾಯಪಿ ಒಂದೇ.

ಕ್ರೂಸರ್ ಎಂಬ ಹೆಸರಿನ ಗೊಂದಲಕ್ಕೆ ಕಾರಣ ಸರಳ. ಕಲಾಯಪಿಯನ್ನು ಕಟ್ಟುವಾಗ ಅದು ಕ್ರೂಸರ್ (ದೂರದ ಕಡಲುಗಳಲ್ಲಿ ತಿರುಗುವ ವೇಗದ ಯುದ್ಧನೌಕೆ) ಆಗಿರಲಿಲ್ಲ, ಕಾರ್ವೆಟ್ (ಹಾಯಿಯೂ ಆವಿಯೂ ಇದ್ದ ಹಳೆಯ ಬಗೆಯ ಸಣ್ಣ ಯುದ್ಧನೌಕೆ) ಆಗಿತ್ತು. ನಥಾನಿಯಲ್ ಬಾರ್ನಬಿ ವಿನ್ಯಾಸ ಮಾಡಿದ ಈ ಹಡಗು ಪೋರ್ಟ್ಸ್‌ಮತ್‌ನಲ್ಲಿ 1884ರ ಜೂನ್‌ನಲ್ಲಿ ನೀರಿಗಿಳಿಯಿತು, 1887ರ ಜನವರಿಯಲ್ಲಿ ಸೇವೆಗೆ ಸೇರಿತು. ಅದೇ 1887ರಲ್ಲಿ ಬ್ರಿಟಿಷ್ ನೌಕಾಡಳಿತ ತನ್ನ ಹಳೆಯ ಫ್ರಿಗೇಟು, ಕಾರ್ವೆಟುಗಳನ್ನೆಲ್ಲ ಕ್ರೂಸರ್ ಪಟ್ಟಿಗೆ ಸೇರಿಸಿತು. ಹಾಗಾಗಿ ಕಲಾಯಪಿ ಕಾಗದದ ಮೇಲೆ ಮೂರನೇ ದರ್ಜೆಯ ಕ್ರೂಸರ್ ಆಯಿತು. ಹಡಗಿನಲ್ಲಿ ಒಂದು ಮೊಳೆಯೂ ಬದಲಾಗಲಿಲ್ಲ.

ಆದರೂ ಆ ಹೆಸರು ಪೂರಾ ಸುಳ್ಳೂ ಅಲ್ಲ. 2,770 ಟನ್ನಿನ, 235 ಅಡಿ ಉದ್ದದ ಈ ಹಡಗಿನ ಒಡಲು ಉಕ್ಕು ಮತ್ತು ಕಬ್ಬಿಣದ್ದು. ಅದರ ಹೊರಗೆ ಮರದ ಹಲಗೆ, ಅದರ ಮೇಲೆ ತಾಮ್ರದ ತಗಡು. ಬರೀ ಕಬ್ಬಿಣವಾದರೆ ಬೆಚ್ಚಗಿನ ಕಡಲಲ್ಲಿ ಕೆಲವೇ ತಿಂಗಳಲ್ಲಿ ಚಿಪ್ಪು, ಪಾಚಿ ಹತ್ತಿಕೊಂಡು ಓಟ ಇಳಿದುಹೋಗುತ್ತದೆ; ದೂರದ ದ್ವೀಪಗಳಲ್ಲಿ ಅದನ್ನು ಕೆರೆಯಲು ಒಣ ಡಾಕ್ ಎಲ್ಲಿಂದ ಬರಬೇಕು? ತಾಮ್ರದ ಮೇಲೆ ಅವು ಬೆಳೆಯುವುದಿಲ್ಲ. ತಾಮ್ರ ನೇರ ಕಬ್ಬಿಣಕ್ಕೆ ತಾಗಿದರೆ ಉಪ್ಪುನೀರಿನಲ್ಲಿ ಕಬ್ಬಿಣ ತಿಂದುಹೋಗುತ್ತದೆ, ಅದಕ್ಕೆ ನಡುವೆ ಮರ. ಇಂಜಿನ್ನು, ಬಾಯ್ಲರುಗಳ ಮೇಲೆ ಒಂದೂವರೆ ಅಂಗುಲ ದಪ್ಪದ ಉಕ್ಕಿನ ರಕ್ಷಾ ಅಟ್ಟವೂ ಇತ್ತು. ಆರು ಅಂಗುಲದ ನಾಲ್ಕು, ಐದು ಅಂಗುಲದ ಹನ್ನೆರಡು ತೋಪುಗಳು. ಜೊತೆಗೆ ಮೂರು ಕಂಬ, ಪೂರ್ತಿ ಹಾಯಿ. ಸಾಮ್ರಾಜ್ಯದ ಮೂಲೆಮೂಲೆ ತಿರುಗುವ ಹಡಗಿಗೆ ಕಲ್ಲಿದ್ದಲು ಸಿಗುವ ಬಂದರು ಸಾವಿರಾರು ಮೈಲಿಗೊಂದು. ದಿನನಿತ್ಯದ ತಿರುಗಾಟ ಹಾಯಿಯಲ್ಲಿ, ಅವಸರ ಬಂದಾಗ ಆವಿಯಲ್ಲಿ ಎಂಬುದು ಲೆಕ್ಕಾಚಾರ. ಬ್ರಿಟಿಷ್ ನೌಕಾಪಡೆ ಕಟ್ಟಿದ ಹಾಯಿ ಕಾರ್ವೆಟುಗಳಲ್ಲಿ ಇದೂ ಇದರ ಜೋಡಿ ಹಡಗು ‘ಕಲಿಪ್ಸೊ’ವೂ ಕೊನೆಯವು. ನನ್ನ ಮಟ್ಟಿಗೆ ಹೇಳುವುದಾದರೆ, ನೀರಿಗಿಳಿಯುವ ಹೊತ್ತಿಗೇ ಇವುಗಳ ಕಾಲ ಮುಗಿದಿತ್ತು. ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಾರ್ಖಾನೆ ಚಿಲಿ ದೇಶಕ್ಕೆ ಹಾಯಿಯೇ ಇಲ್ಲದ, ಹದಿನೆಂಟು ನಾಟ್ (ಗಂಟೆಗೆ ಹದಿನೆಂಟು ನಾವಿಕ ಮೈಲಿ) ಓಡುವ ‘ಎಸ್ಮೆರಾಲ್ಡಾ’ವನ್ನು 1883ರಲ್ಲೇ ನೀರಿಗಿಳಿಸಿಯಾಗಿತ್ತು. ಕಲಾಯಪಿಯ ಓಟ, ಬಾಯ್ಲರಿಗೆ ಒತ್ತಾಯದಿಂದ ಗಾಳಿ ಊದಿದರೂ ಹದಿನೈದು ನಾಟ್ ಮುಟ್ಟುತ್ತಿರಲಿಲ್ಲ.

ಇನ್ನು ಆಪಿಯಾ. ಏಳು ಯುದ್ಧನೌಕೆಗಳು ಆ ಪುಟ್ಟ ಬಂದರಿನಲ್ಲಿ ಯಾಕಿದ್ದವು ಎಂಬುದನ್ನು ಬಿಟ್ಟು ಈ ಕಥೆ ಹೇಳಿದರೆ ಅರ್ಧವನ್ನೇ ಹೇಳಿದಂತೆ. ಸಮೋವಾದಲ್ಲಿ ಕೊಬ್ಬರಿಯ ವ್ಯಾಪಾರ ಜೋರಾಗಿತ್ತು, ದೊಡ್ಡ ತೋಟಗಳು ಜರ್ಮನ್ ಕಂಪನಿಯ ಕೈಯಲ್ಲಿದ್ದವು. 1887ರಲ್ಲಿ ಜರ್ಮನರು ಅಲ್ಲಿನ ದೊರೆ ಮಲಿಯೆಟೋವಾ ಲೌಪೆಪಾನನ್ನು ಗಡೀಪಾರು ಮಾಡಿ ತಮಗೆ ಬೇಕಾದ ತಮಸೆಸೆಯನ್ನು ಕೂರಿಸಿದರು. ಅವನ ವಿರುದ್ಧ ಮಟಾಫಾ ಎದ್ದ. 1888ರ ಡಿಸೆಂಬರಿನಲ್ಲಿ ದಡಕ್ಕಿಳಿದ ಜರ್ಮನ್ ನಾವಿಕರ ಪಡೆಯನ್ನು ಮಟಾಫಾನ ಜನ ಬಡಿದು ಓಡಿಸಿದರು. ಅಲ್ಲಿಂದ ಅಮೆರಿಕ ಮತ್ತು ಜರ್ಮನಿ ಮುಖಾಮುಖಿ. 1889ರ ಮಾರ್ಚ್ ಹೊತ್ತಿಗೆ ಜರ್ಮನಿಯ ಮೂರು, ಅಮೆರಿಕದ ಮೂರು ಹಡಗುಗಳು ಒಂದನ್ನೊಂದು ದುರುಗುಟ್ಟಿ ನೋಡುತ್ತ ಲಂಗರು ಹಾಕಿದ್ದವು. ಬ್ರಿಟನ್ನಿನ ಹಿತ ನೋಡಿಕೊಳ್ಳಲು ಕಲಾಯಪಿ.

ಆಪಿಯಾ ಬಂದರು ಉತ್ತರಕ್ಕೆ ಬಾಯಿ ತೆರೆದ ಒಂದು ಬಟ್ಟಲು. ಎರಡು ಬದಿಗೂ ಹವಳದ ದಿಬ್ಬ, ನಡುವೆ ಕಿರಿದಾದ ದಾರಿ, ಬೆಟ್ಟದಿಂದ ಇಳಿದುಬರುವ ಹೊಳೆಗಳು ನೇರ ಬಂದರಿಗೇ ಬೀಳುತ್ತವೆ. ದಕ್ಷಿಣದ ಗಾಳಿಗೆ ಬೆಟ್ಟದ ಮರೆ ಇದೆ. ಉತ್ತರದಿಂದ ಬೀಸಿದರೆ ಕಡಲಿಗೆ ಕಡಲೇ ಒಳಗೆ ನುಗ್ಗುತ್ತದೆ. ವಾಯುಭಾರಮಾಪಕ ಇಳಿಯತೊಡಗಿದ್ದನ್ನು ಎಲ್ಲ ಕ್ಯಾಪ್ಟನ್ನರೂ ನೋಡಿದ್ದರು. ಮೇಲಿನ ಕಂಬಗಳನ್ನು, ಅಡ್ಡದಂಡಗಳನ್ನು ಇಳಿಸಿ ಕಟ್ಟಿದರು, ಬಾಯ್ಲರ್ ಹೊತ್ತಿಸಿದರು, ಹೆಚ್ಚುವರಿ ಲಂಗರು ಬಿಟ್ಟರು. ಮಾಡದೇ ಹೋದದ್ದು ಒಂದೇ: 15ನೇ ತಾರೀಕು ಹಗಲು, ದಾರಿ ತೆರೆದಿದ್ದಾಗ ಕಡಲಿಗೆ ಹೊರಡುವುದು. ಹೊರಟವನು ಹೆದರಿ ಹೋದನೆನ್ನುವ ಮಾತು ಬರುತ್ತದೆ, ಅವನು ಇಲ್ಲದಾಗ ಎದುರಾಳಿ ದಡದಲ್ಲಿ ಏನು ಮಾಡುತ್ತಾನೋ ಎಂಬ ಗುಮಾನಿ ಬೇರೆ. ತೂಫಾನಿನ ಕಾಲ ಮುಗಿಯುತ್ತ ಬಂತು ಎಂಬ ಸ್ಥಳೀಯರ ಮಾತೂ ಸೇರಿಕೊಂಡಿತು. ಕಲಾಯಪಿಯ ಕ್ಯಾಪ್ಟನ್ ಹೆನ್ರಿ ಕೋಯ್ ಕೇನ್ ಕೂಡ ಅಲ್ಲೇ ಉಳಿದ. ಅವನನ್ನು ಹೊಗಳುವವರು ಈ ಒಂದು ದಿನವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ಆ ರಾತ್ರಿ ಗಾಳಿ ಉತ್ತರಕ್ಕೆ ತಿರುಗಿತು. ಎಲ್ಲ ಹಡಗುಗಳೂ ಲಂಗರಿನ ಸರಪಳಿಯ ಮೇಲಿನ ಎಳೆತ ತಗ್ಗಿಸಲು ಇಂಜಿನ್ ಮುಂದಕ್ಕೆ ಓಡಿಸುತ್ತ ನಿಂತಲ್ಲೇ ನಿಲ್ಲಲು ಹೆಣಗಿದವು. ಲಂಗರುಗಳು ತಳದಲ್ಲಿ ಕಚ್ಚಿ ನಿಲ್ಲಲಿಲ್ಲ. ಹಡಗುಗಳು ಸರಿಸರಿದು ಒಂದಕ್ಕೊಂದು ಬಡಿದವು. 16ರ ಮುಂಜಾವಿಗೆ ಮೊದಲು ಹೋದದ್ದು ಚಿಕ್ಕ ಗನ್‌ಬೋಟ್ ಏಬರ್. ಅಲೆ ಅದನ್ನು ದಿಬ್ಬಕ್ಕೆ ಅಪ್ಪಳಿಸಿತು, ಹಡಗಿನಲ್ಲಿದ್ದವರಲ್ಲಿ ಬದುಕಿದವರು ಬೆರಳೆಣಿಕೆಯವರು. ಆಡ್ಲರನ್ನು ಅಲೆ ಎತ್ತಿ ಹವಳದ ದಿಬ್ಬದ ಮೇಲೆಯೇ ಪಕ್ಕಕ್ಕೆ ಮಲಗಿಸಿತು. ಅದರ ತುಕ್ಕುಹಿಡಿದ ಅಸ್ಥಿಪಂಜರ ಎಷ್ಟೋ ದಶಕ ಅಲ್ಲೇ ಬಿದ್ದಿತ್ತು.

ಬೆಳಕು ಹರಿದಾಗ ಕಲಾಯಪಿಯ ಸ್ಥಿತಿ ಅಕ್ಷರಶಃ ಅತ್ತ ದರಿ ಇತ್ತ ಪುಲಿ. ಮುಂದೆ ವ್ಯಾಂಡೇಲಿಯಾ, ಪಕ್ಕದಲ್ಲಿ ಓಲ್ಗಾ, ಹಿಂದೆ ಕೆಲವೇ ಅಡಿಗಳಲ್ಲಿ ಹವಳದ ದಿಬ್ಬ. ಇಂಜಿನ್ ಜೋರು ಮಾಡಿದರೆ ಮುಂದಿನವನಿಗೆ ಗುದ್ದಬೇಕು, ನಿಧಾನಿಸಿದರೆ ಚುಕ್ಕಾಣಿ ಬಂಡೆಗೆ ತಾಗಬೇಕು. ವ್ಯಾಂಡೇಲಿಯಾಕ್ಕೆ ಗುದ್ದಿಯೂ ಆಯಿತು, ಓಲ್ಗಾದಿಂದ ಗುದ್ದಿಸಿಕೊಂಡೂ ಆಯಿತು. ಸರಪಳಿಗಳು ಒಂದೊಂದಾಗಿ ಕಡಿದವು. ಆಗ ಕೇನ್ ತೀರ್ಮಾನಕ್ಕೆ ಬಂದ. ಉಳಿದ ಸರಪಳಿಯನ್ನು ತಾನೇ ಕಳಚಿಬಿಟ್ಟು, ಬಾಯ್ಲರುಗಳಲ್ಲಿ ಇರುವಷ್ಟೂ ಆವಿಯನ್ನು ಇಂಜಿನ್ನಿಗೆ ಬಿಟ್ಟು, ಗಾಳಿಗೆ ಎದುರಾಗಿ ಬಂದರಿನ ಬಾಯಿಯತ್ತ ಹೊರಡುವುದು. ಇಂಜಿನ್ ಒಮ್ಮೆ ಕೈಕೊಟ್ಟರೆ ಹಿಡಿದುಕೊಳ್ಳಲು ಮತ್ತೊಂದು ಲಂಗರಿಲ್ಲ.

ಮುಂದಿನ ಸುಮಾರು ಎರಡು ಗಂಟೆಯಲ್ಲಿ ಹಡಗಿನೊಳಗೆ ಏನು ನಡೆಯಿತು ಎಂಬುದರಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ. ಶಾಂತ ನೀರಿನಲ್ಲಿ ಹದಿನಾಲ್ಕು ನಾಟ್ ಮೀರಿ ಓಡಿಸಬಲ್ಲ ಶಕ್ತಿ ಅಂದು ಒಂದು ನಾಟ್, ಕೆಲವೊಮ್ಮೆ ಅದರ ಅರ್ಧ ಮಾತ್ರ ಮುಂದೆ ಸರಿಸುತ್ತಿತ್ತು. ಅಷ್ಟು ನಿಧಾನದಲ್ಲಿ ಚುಕ್ಕಾಣಿ ಕೇಳುವುದು ಹೇಗೆ ಎಂದು ನಿಮಗೆ ಅನಿಸಬಹುದು. ಚುಕ್ಕಾಣಿಗೆ ಬೇಕಾದ್ದು ಹಡಗಿನ ಓಟವಲ್ಲ, ತನ್ನ ಮೇಲೆ ಹರಿದುಹೋಗುವ ನೀರು. ಒಂಟಿ ಪ್ರೊಪೆಲರಿನ ಹಡಗಿನಲ್ಲಿ ಪ್ರೊಪೆಲರ್ ಚುಕ್ಕಾಣಿಯ ಎದುರಿಗೇ ತಿರುಗುತ್ತ ನೀರನ್ನು ಅದರ ಮೇಲೆ ಚಿಮ್ಮುತ್ತದೆ. ಹಡಗು ನಿಂತಂತಿದ್ದರೂ ಇಂಜಿನ್ ಪೂರ್ಣಬಲದಲ್ಲಿದ್ದರೆ ಮೂತಿ ತಿರುಗಿಸಬಹುದು. ಇಂಜಿನ್ ನಿಂತ ಗಳಿಗೆಯಲ್ಲೇ ಚುಕ್ಕಾಣಿಯೂ ಸತ್ತಂತೆ. ಆ ಚಕ್ರ ಹಿಡಿಯಲು ಹತ್ತು ಜನ ಬೇಕಾದರು, ಕೆಳಗೆ ಚುಕ್ಕಾಣಿಯ ಹಿಡಿಗೇ ಹಗ್ಗ, ರಾಟೆ ಕಟ್ಟಿ ಎಳೆಯಲು ಇನ್ನಷ್ಟು ಜನ.

ಅದಕ್ಕಿಂತ ಸೂಕ್ಷ್ಮದ ಕೆಲಸ ಇಂಜಿನ್ ಕೋಣೆಯಲ್ಲಿತ್ತು. ಮೂತಿ ಅಲೆಯಲ್ಲಿ ಮುಳುಗಿದಾಗ ಹಿಂಬದಿ ಎದ್ದು ಪ್ರೊಪೆಲರ್ ನೀರಿನಿಂದ ಹೊರಬರುತ್ತದೆ. ನೀರಿನ ತಡೆ ತಪ್ಪಿದ ಕೂಡಲೇ ಇಂಜಿನ್ ಹುಚ್ಚಾಪಟ್ಟೆ ಸುತ್ತತೊಡಗುತ್ತದೆ. ಬಿಟ್ಟರೆ ಪ್ರೊಪೆಲರ್ ತಿರುಗಿಸುವ ದಂಡ ಮುರಿಯುತ್ತದೆ, ಬೇರಿಂಗ್ ಕರಗುತ್ತದೆ. ಹಾಗೆಂದು ಆವಿ ಕಡಿಮೆ ಮಾಡಿಯೇ ಇಟ್ಟರೆ ಹಡಗು ಹಿಂದಕ್ಕೆ ಜಾರುತ್ತದೆ. ಆವಿಯ ಕವಾಟದ ಮೇಲೆ ಕೈಯಿಟ್ಟವನು ಹಿಂಬದಿ ಏಳುವುದನ್ನು ಕಾಲಿನಲ್ಲೇ ಗ್ರಹಿಸಿ ಮುಚ್ಚಬೇಕು, ಇಳಿಯುತ್ತಿದ್ದಂತೆ ತೆರೆಯಬೇಕು. ಅದೂ ಒಂದೊಂದು ಅಲೆಗೂ, ಗಂಟೆಗಟ್ಟಲೆ. ಪಕ್ಕದ ಬಾಯ್ಲರ್ ಕೋಣೆಯಲ್ಲಿ ನೆಟ್ಟಗೆ ನಿಲ್ಲಲಾಗದ ನೆಲದ ಮೇಲೆ ಕೆಂಡದ ಬಾಯಿಗೆ ಸಲಿಕೆಯಲ್ಲಿ ಕಲ್ಲಿದ್ದಲು ಎಸೆಯುವವರು. ಇದೆಲ್ಲದರ ಹೊಣೆ ಹೊತ್ತವನು ಎಂಜಿನಿಯರ್ ಹೆನ್ರಿ ಜಾರ್ಜ್ ಬರ್ಕ್.

ಬಂದರಿನ ಬಾಯಿಯಲ್ಲಿ ಟ್ರೆಂಟನ್ ಅಡ್ಡ ಸಿಕ್ಕಿತು. ಅಮೆರಿಕದ ಅಡ್ಮಿರಲ್ ಲೂಯಿಸ್ ಕಿಂಬರ್ಲಿ ಇದ್ದ ಹಡಗದು. ಕಲಾಯಪಿಗಿಂತ ಸಾವಿರ ಟನ್ ದೊಡ್ಡದು. ಅದರ ಚುಕ್ಕಾಣಿ ಮುರಿದಿತ್ತು, ಬಾಯ್ಲರಿನ ಬೆಂಕಿ ಆರಿತ್ತು, ಸುಮ್ಮನೆ ತೇಲುತ್ತ ಲಂಗರು ಎಳೆದುಕೊಂಡು ಹಿಂದೆ ಸರಿಯುತ್ತಿತ್ತು. ಅದಕ್ಕೂ ದಿಬ್ಬಕ್ಕೂ ನಡುವಿನ ಸಂದಿಯಲ್ಲಿ ಕೇನ್ ಹಡಗು ನುಗ್ಗಿಸಿದ. ಎಷ್ಟು ಹತ್ತಿರವೆಂದರೆ ಕಲಾಯಪಿಯ ಮುಂಗಂಬದ ಅಡ್ಡದಂಡ ಟ್ರೆಂಟನ್ನಿನ ಅಟ್ಟದ ಮೇಲೆ ಹಾದುಹೋಯಿತು. ತಮಗೆ ಉಳಿವಿಲ್ಲ ಎಂದು ತಿಳಿದಿದ್ದ ಟ್ರೆಂಟನ್ನಿನ ನೂರಾರು ನಾವಿಕರು ಆ ಗಾಳಿಯಲ್ಲಿ ಒಟ್ಟಾಗಿ ಜಯಕಾರ ಕೂಗಿದರು, ಕಲಾಯಪಿಯವರು ಮರುಕೂಗಿದರು. ಇದು ದಂತಕಥೆಯಲ್ಲ. ನಮ್ಮದೇ ಹಡಗು ಪಾರಾಗಿದ್ದರೂ ಇದಕ್ಕಿಂತ ಹೆಚ್ಚು ಸಂತೋಷವಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ಕಿಂಬರ್ಲಿ ಆಮೇಲೆ ಕೇನ್‌ಗೆ ಕಾಗದ ಬರೆದ.

ಈಗ ಕಲ್ಲಿದ್ದಲಿಗೆ ಬರೋಣ. ಕಲಾಯಪಿಯ ಬಂಕರುಗಳಲ್ಲಿ, ಅಂದರೆ ಕಲ್ಲಿದ್ದಲು ತುಂಬುವ ಕೋಣೆಗಳಲ್ಲಿ, ಇದ್ದದ್ದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ವೆಸ್ಟ್‌ಪೋರ್ಟ್ ಕಡೆಯ ಕಲ್ಲಿದ್ದಲು. ಒಳ್ಳೆಯ ಜಾತಿಯದು, ಬೂದಿ ಕಡಿಮೆ, ಕಾವು ಜಾಸ್ತಿ. ಬರ್ಕ್ ಸ್ವತಃ ಅದಕ್ಕೆ ಪಾಲು ಕೊಟ್ಟು ಮಾತಾಡಿದ. ನ್ಯೂಜಿಲೆಂಡಿನ ಗಣಿಯವರು ಆ ಮಾತನ್ನು ಹಿಡಿದುಕೊಂಡು ವರ್ಷಗಟ್ಟಲೆ ಜಾಹೀರಾತು ಮಾಡಿದರು, ಕಥೆ ಅಲ್ಲಿಂದ ಹಬ್ಬಿತು. ಕೆಟ್ಟ ಕಲ್ಲಿದ್ದಲಾಗಿದ್ದರೆ ಆವಿಯ ಒತ್ತಡ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಬೂದಿ ತೆಗೆಯಲೆಂದೇ ಬೆಂಕಿ ತಗ್ಗಿಸಬೇಕಾಗುತ್ತಿತ್ತು. ಹಾಗಾಗಿ ಆ ಮಾತು ಸುಳ್ಳಲ್ಲ. ಆದರೆ ಕಲ್ಲಿದ್ದಲೇ ಕಾರಣ ಎಂಬುದನ್ನು ನಾನು ಒಪ್ಪುವುದಿಲ್ಲ.

ಟ್ರೆಂಟನ್ನನ್ನೇ ನೋಡಿ. ಅದು 1876ರಲ್ಲಿ ನೀರಿಗಿಳಿದ ಮರದ ಒಡಲಿನ ಹಡಗು. ಲಂಗರಿನ ಸರಪಳಿ ಹೊರಹೋಗುವ ತೂತುಗಳು ಅದರಲ್ಲಿ ನಾವಿಕರು ಮಲಗುವ ಕೆಳ ಅಂತಸ್ತಿನಲ್ಲಿದ್ದವು. ಮೂತಿ ಅಲೆಗೆ ಮುಳುಗಿದಾಗಲೆಲ್ಲ ಆ ತೂತಿನಿಂದ ನೀರು ಒಳಗೆ ಸುರಿಯಿತು. ಸಿಕ್ಕಿದ್ದನ್ನೆಲ್ಲ ತುರುಕಿ ಮುಚ್ಚಿದರೂ ನಿಲ್ಲಲಿಲ್ಲ, ನೀರು ಬಾಯ್ಲರ್ ಕೋಣೆಗೆ ಇಳಿದು ಬೆಂಕಿ ಆರಿಸಿತು. ವಿನ್ಯಾಸದ ಒಂದು ತಪ್ಪಿಗೆ ಇಡೀ ಹಡಗು ಹೋಯಿತು. ಅದಕ್ಕೆ ಎಂಥ ಉತ್ತಮ ಕಲ್ಲಿದ್ದಲು ಕೊಟ್ಟರೂ ಏನು ಪ್ರಯೋಜನ? ಮಿಕ್ಕ ಹಡಗುಗಳ ಇಂಜಿನ್ನುಗಳಿಗೆ ಆ ಗಾಳಿಯ ಎದುರು ಹಡಗನ್ನು ಮುಂದೆ ತಳ್ಳುವ ಬಲವೇ ಇರಲಿಲ್ಲ. ಅವುಗಳ ಕ್ಯಾಪ್ಟನ್ನರು ಸರಪಳಿ ಕಳಚಿದ್ದರೆ ನೇರ ಬಂಡೆಗೇ ಹೋಗುತ್ತಿದ್ದರು. ಕಲಾಯಪಿಯ ಇಂಜಿನ್, ಲಂಡನ್ನಿನ ರೆನಿ ಕಂಪನಿಯದು, ಪರೀಕ್ಷೆಯಲ್ಲಿ 4,023 ಅಶ್ವಶಕ್ತಿ ಕೊಟ್ಟಿತ್ತು. ಆ ಗಾತ್ರದ ಒಡಲಿಗೆ ಅದು ಧಾರಾಳ. ಹಾಯಿಕಂಬಗಳ ಬಗ್ಗೆ ಹೇಳುವುದಾದರೆ, ಅಂದು ಅವು ಗಾಳಿ ಹಿಡಿದು ಹಿಂದಕ್ಕೆ ಎಳೆದವೇ ಹೊರತು ಇನ್ನಾವ ಉಪಕಾರವನ್ನೂ ಮಾಡಲಿಲ್ಲ.

ಹಾಗಾಗಿ ನನ್ನ ಉತ್ತರ ಇದು: ಮೊದಲ ಪಾಲು ಇಂಜಿನ್ನಿಗೂ ಅದನ್ನು ಎರಡು ಗಂಟೆ ಬಿಡದೆ ಓಡಿಸಿದವರಿಗೂ ಸಲ್ಲಬೇಕು. ಕೇನ್‌ನ ಪಾಲು ಧೈರ್ಯಕ್ಕಿಂತ ಹೆಚ್ಚಾಗಿ ಹೊತ್ತಿನ ಅಂದಾಜು. ಕೊನೆಯ ಸರಪಳಿ ತಾನಾಗಿ ಕಡಿಯುವವರೆಗೆ ಕಾದಿದ್ದರೆ ಹಡಗಿನ ಮೂತಿ ಗಾಳಿಗೆ ಅಡ್ಡ ತಿರುಗಿಬಿಡುತ್ತಿತ್ತು, ಆಮೇಲೆ ಯಾವ ಇಂಜಿನ್ನೂ ಅದನ್ನು ನೆಟ್ಟಗೆ ಮಾಡಲಾರದು. ಮೂತಿ ಸರಿಯಾದ ದಿಕ್ಕಿನಲ್ಲಿದ್ದಾಗ ಅವನೇ ಕಳಚಿದ. ಕಲ್ಲಿದ್ದಲಿನದು ಮೂರನೇ ಜಾಗ. ನೌಕಾಡಳಿತವೂ ಹೆಚ್ಚುಕಡಿಮೆ ಹೀಗೇ ಎಣಿಸಿತೆಂದು ಕಾಣುತ್ತದೆ: ಬರ್ಕ್‌ಗೆ ಬಡ್ತಿ ಸಿಕ್ಕಿತು, ಕೇನ್‌ಗೆ ಬಿರುದು.

ಬಂದರಿನಲ್ಲಿ ಉಳಿದವರ ಕಥೆಯನ್ನೂ ಒಂದಿಷ್ಟು ಹೇಳಬೇಕು. ವ್ಯಾಂಡೇಲಿಯಾ ದಡದ ಹತ್ತಿರವೇ ಕುಳಿತು ಮುಳುಗಿತು. ಕ್ಯಾಪ್ಟನ್ ಕಾರ್ನೀಲಿಯಸ್ ಸ್ಕೂನ್‌ಮೇಕರ್ ಸೇರಿ 43 ಜನ ಸತ್ತರು, ಉಳಿದವರು ನೀರಿನ ಮೇಲೆ ಉಳಿದಿದ್ದ ಕಂಬದ ಹಗ್ಗಗಳಿಗೆ ಜೋತುಬಿದ್ದರು. ಚುಕ್ಕಾಣಿ, ಇಂಜಿನ್ ಎರಡೂ ಇಲ್ಲದ ಟ್ರೆಂಟನ್ನಿನಲ್ಲಿ ಒಬ್ಬ ಅಧಿಕಾರಿ ನಾವಿಕರನ್ನೇ ಹಿಂಗಂಬದ ಹಗ್ಗದೇಣಿಗೆ ಹತ್ತಿಸಿ ಅವರ ಮೈಗಳನ್ನೇ ಹಾಯಿಯಾಗಿ ಬಳಸಿದ. ಬಟ್ಟೆಯ ಹಾಯಿ ಆ ಗಾಳಿಗೆ ಚಿಂದಿಯಾಗುತ್ತಿತ್ತು. ಅದರಿಂದ ಹಡಗು ದಿಬ್ಬದಿಂದ ಸ್ವಲ್ಪ ದೂರ ಸರಿಯಿತು, ಸಂಜೆ ವ್ಯಾಂಡೇಲಿಯಾದ ಪಕ್ಕಕ್ಕೇ ಬಂದು ಕೂತಿತು. ಜೋತುಬಿದ್ದಿದ್ದವರು ಟ್ರೆಂಟನ್ನಿಗೆ ದಾಟಿ ಬದುಕಿದರು. ಅಷ್ಟು ದೊಡ್ಡ ಹಡಗಿನಲ್ಲಿ ಸತ್ತವನು ಒಬ್ಬನೇ.

ದಡದಿಂದ ನೀರಿಗಿಳಿದವರು ಸಮೋವಾದ ಜನ. ಆಪಿಯಾದ ಮುಖಂಡ ಸೆಯುಮನುತಾಫಾನ ನೇತೃತ್ವದಲ್ಲಿ ಅವರು ಕೈಕೈ ಹಿಡಿದು ಅಲೆಯೊಳಗೆ ಸರಪಳಿಯಾಗಿ ನಿಂತು ಅಮೆರಿಕನ್ನರನ್ನೂ ಜರ್ಮನರನ್ನೂ ಎಳೆದು ತಂದರು. ಮೂರು ತಿಂಗಳ ಹಿಂದೆ ತಮ್ಮ ಮೇಲೆ ಗುಂಡು ಹಾರಿಸಿದ್ದ ಜರ್ಮನರನ್ನು. ಈ ಘಟನೆಯ ಬ್ರಿಟಿಷ್ ವರ್ಣನೆಗಳಲ್ಲಿ ಅವರಿಗೆ ಸಿಗುವುದು ಒಂದೆರಡು ಸಾಲು.

19ರಂದು ಕಲಾಯಪಿ ತನ್ನ ಲಂಗರು ಹುಡುಕಿಕೊಂಡು ಮರಳಿ ಬಂದಾಗ ಬಂದರಿನಲ್ಲಿ ತೇಲುತ್ತಿದ್ದ ಯುದ್ಧನೌಕೆ ಒಂದೂ ಇರಲಿಲ್ಲ. ದೋಣಿಗಳನ್ನು ಕಳೆದುಕೊಂಡು ಜಖಂಗೊಂಡಿದ್ದ ಅದು ತನ್ನ ಮುಳುಗು ಉಡುಪುಗಳನ್ನು ಅಮೆರಿಕನ್ನರಿಗೆ ಬಿಟ್ಟು ಸಿಡ್ನಿಗೆ ಹೋಯಿತು. ಅದೇ ಜೂನ್‌ನಲ್ಲಿ ಬರ್ಲಿನ್‌ನಲ್ಲಿ ಮೂರು ದೇಶಗಳೂ ಕೂತು ಸಮೋವಾವನ್ನು ಜಂಟಿಯಾಗಿ ನೋಡಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಅದು ಹತ್ತು ವರ್ಷ ಬಾಳಿತು. 1899ರಲ್ಲಿ ಜರ್ಮನಿ ಮತ್ತು ಅಮೆರಿಕ ದ್ವೀಪಗಳನ್ನು ಹಂಚಿಕೊಂಡವು.

ಕಲಾಯಪಿಯ ಮುಂದಿನ ಬದುಕಿನಲ್ಲಿ ಇಂಥ ಗಳಿಗೆ ಮತ್ತೆ ಬರಲಿಲ್ಲ. 1890ರಲ್ಲಿ ಊರಿಗೆ ಮರಳಿತು, ತರಬೇತಿಗೆ ಬಳಕೆಯಾಯಿತು, 1907ರಿಂದ 1951ರವರೆಗೆ ಇಂಗ್ಲೆಂಡಿನ ಟೈನ್ ನದಿಯಲ್ಲಿ ಮೀಸಲು ನಾವಿಕರ ಕವಾಯತಿನ ಹಡಗಾಗಿ ನಿಂತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಹೊಸ ಕ್ರೂಸರ್ ಒಂದಕ್ಕೆ ಹೆಸರು ಬಿಟ್ಟುಕೊಟ್ಟು ‘ಹೆಲಿಕಾನ್’ ಆಯಿತು. ಆ ಹೊಸ ಕ್ರೂಸರ್ ಗುಜರಿಗೆ ಹೋದಮೇಲೆ 1931ರಲ್ಲಿ ಹಳೆಯ ಹೆಸರು ಮರಳಿ ಬಂತು. 1953ರಲ್ಲಿ ಒಡೆದರು. ಅದರ ಚುಕ್ಕಾಣಿ ಚಕ್ರವನ್ನು ಸಮೋವಾ ಸರ್ಕಾರಕ್ಕೆ ಕೊಟ್ಟರು. ಗೇಟ್ಸ್‌ಹೆಡ್‌ನಲ್ಲಿರುವ ಮೀಸಲು ಪಡೆಯ ಕೇಂದ್ರಕ್ಕೆ ಈಗಲೂ ಕಲಾಯಪಿ ಎಂದೇ ಹೆಸರು.

ಹಡಗನ್ನೇ ನೋಡುವ ಆಸೆಯಿದ್ದರೆ ಇಂಗ್ಲೆಂಡಿನಲ್ಲಿ ಹುಡುಕಬೇಡಿ. ಜೋಡಿ ಹಡಗು ಕಲಿಪ್ಸೊ 1902ರಲ್ಲಿ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರ ಯುವಕರಿಗೆ ನೌಕಾ ತರಬೇತಿ ಕೊಡಲು ಸೇಂಟ್ ಜಾನ್ಸ್‌ಗೆ ಹೋಯಿತು. ಆಮೇಲೆ ಅದನ್ನು ಮಾರಿದರು, ಉಪ್ಪಿನ ಗೋದಾಮಾಗಿ ಬಳಸಿದರು. ಅದರ ಒಡಲಿನ ಅವಶೇಷ ಈಗ ಕೆನಡಾದ ಲೂಯಿಸ್‌ಪೋರ್ಟ್ ಸಮೀಪದ ಎಂಬ್ರಿ ಎಂಬ ಊರಿನ ಬಳಿ ಆಳವಿಲ್ಲದ ನೀರಿನಲ್ಲಿದೆ.